ಕ್ರ್ಯಾಕ್ಡ್ ಕೆಟಲ್ಸ್ ಮತ್ತು ಒಂದೇ ಒಂದು ಪೇಟ

ಟ್ರೆವರ್ ಸಾಹೇಬರು ರಾಜೀನಾಮೆ ಕೊಟ್ಟ ದಿನ ನಾನು ಒಂದು ಕಿಲೋ ಮೈಸೂರು ಪಾಕ್ ತೆಗೆದುಕೊಂಡು ಮನೆಗೆ ಹೋದೆ. ಒಬ್ಬರು ಕೆಲಸ ಬಿಟ್ಟರೆ ಇನ್ನೊಬ್ಬರು ಸಿಹಿ ಹಂಚುವುದು ಸಣ್ಣತನ ಎಂದು ಯಾರಾದರೂ ಹೇಳಿದರೆ, ಅವರು ಹನ್ನೊಂದು ವರ್ಷ ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಬದುಕಿದವರಲ್ಲ ಎಂದು ತಿಳಿಯಬೇಕು.

ದುಬೈಯ ಅಲ್ ಮುರಕ್ಕಬಾತಿನಲ್ಲಿ ನಮ್ಮದು ಲಿಫ್ಟ್ ರಿಪೇರಿ ಕಂಪನಿ. ದೇರಾದ ಅರ್ಧ ಲಿಫ್ಟುಗಳು ನಮ್ಮ ದಯೆಯಿಂದ ಓಡಾಡುತ್ತವೆ; ಉಳಿದರ್ಧ ನಮ್ಮ ದಯೆಗಾಗಿ ಕಾದು ನಿಂತಿರುತ್ತವೆ. ಟ್ರೆವರ್ ಇದರ ಮ್ಯಾನೇಜರು. ಇಂಗ್ಲೆಂಡಿನವರು, ಅರವತ್ತಾರು ವಯಸ್ಸು. ಬೂದು ಪ್ಯಾಂಟು, ಬೂದು ಟೈ, ಫ್ಲಾಸ್ಕಿನಲ್ಲಿ ಟೀ, ಡಬ್ಬಿಯಲ್ಲಿ ಸೌತೆಕಾಯಿ ಸ್ಯಾಂಡ್‌ವಿಚ್. ಅವರು ಜೋರಾಗಿ ಸೀನಿದ್ದನ್ನೂ ಆಫೀಸಿನಲ್ಲಿ ಯಾರೂ ಕೇಳಿದವರಿಲ್ಲ.

ಅವರ ಕುರ್ಚಿಗೆ ಮಕ್ಕಳ ಸ್ಕೂಲ್ ಫೀಸನ್ನು ಕಂಪನಿಯೇ ಕಟ್ಟುತ್ತಿತ್ತು. ನನ್ನ ಕುರ್ಚಿಗೆ ಕಟ್ಟುತ್ತಿರಲಿಲ್ಲ. ನನ್ನ ಮಗಳು ನಿಸರ್ಗ ಎಂಟನೇ ಕ್ಲಾಸು ಮುಗಿಸುವುದರಲ್ಲಿದ್ದಳು. ಒಂಬತ್ತನೆಯದು ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಮಾರ್ಚ್ ಮುಗಿದ ಮೇಲೆ ಹೆಂಡತಿ ಬಿಂದು ಮತ್ತು ನಿಸರ್ಗ ಮೈಸೂರಿಗೆ, ನಾನು ನೈಫ್ ಬಡಾವಣೆಯಲ್ಲಿ ಆರು ಜನರ ರೂಮಿನ ಒಂದು ಮಂಚಕ್ಕೆ ಎಂದು ತೀರ್ಮಾನವಾಗಿತ್ತು. ಸ್ಕೂಲಿಗೆ ಟಿ.ಸಿ. ಕೇಳಿ ಅರ್ಜಿಯೂ ಹೋಗಿತ್ತು. ಸಾಮಾನು ಕಟ್ಟಲು ಸಹಾಯವಾಗಲಿ ಎಂದು ನಮ್ಮ ಅತ್ತೆ ಲೀಲಮ್ಮ ವಿಸಿಟ್ ವೀಸಾದಲ್ಲಿ ಬಂದು ಕೂತಿದ್ದರು. ಅಷ್ಟರಲ್ಲಿ ಟ್ರೆವರ್ ನನ್ನನ್ನು ಒಳಗೆ ಕರೆದರು.

"ರಘು, ನಮ್ಮ ಬ್ಯಾಂಡ್ ಮತ್ತೆ ಒಂದಾಗ್ತಿದೆ. ನಾನು ಹೊರಟೆ."

"ಯಾವ ಬ್ಯಾಂಡ್ ಸರ್?"

"ಕ್ರ್ಯಾಕ್ಡ್ ಕೆಟಲ್ಸ್. ಎಪ್ಪತ್ತೇಳರಲ್ಲಿ ಶುರು ಮಾಡಿದ್ದು. ಪಂಕ್. ಕೀತ್ ಹಾಡ್ತಾನೆ, ನಾರ್ಮನ್ ಡ್ರಮ್ಸ್, ನಾನು ಬೇಸ್ ಗಿಟಾರ್. ಆರು ಸಲ ಒಡೆದಿದ್ದೇವೆ. ಈ ಸಲ ಸಾಯುವ ತನಕ."

ನನಗೆ ಗೊತ್ತಿದ್ದ ಬ್ಯಾಂಡುಗಳು ಎರಡೇ. ಒಂದು ದಸರಾ ಮೆರವಣಿಗೆಯ ಪೊಲೀಸ್ ಬ್ಯಾಂಡು, ಇನ್ನೊಂದು ಮದುವೆಯ ಬ್ಯಾಂಡು. ಟ್ರೆವರರ ಮುಖ ನೋಡಿದರೆ ಮದುವೆಯದಂತೂ ಅಲ್ಲ. ಇದು ಪೊಲೀಸ್ ಬ್ಯಾಂಡಿನ ಜಾತಿಗೆ ಸೇರಿದ್ದು ಎಂದು ನಿರ್ಧರಿಸಿಬಿಟ್ಟೆ. 'ಆರು ಸಲ ಒಡೆದಿದ್ದೇವೆ' ಎಂಬ ಮಾತು ಕಿವಿಗೇನೋ ಬಿತ್ತು, ಆದರೆ ಮನಸ್ಸು ಆಗಲೇ ಅವರ ಕುರ್ಚಿಯಲ್ಲಿ ಕೂತು ಎತ್ತರ ಸರಿಮಾಡಿಕೊಳ್ಳುತ್ತಿತ್ತು. ಕಂಪನಿಯ ಮಾಲೀಕರು, ನಾವೆಲ್ಲ ಅರ್ಬಾಬ್ ಎಂದು ಕರೆಯುವವರು, ಸಂಜೆ ಕರೆದು ಹೇಳಿದರು: "ಟ್ರೆವರ್ ಹೋದರೆ ಕುರ್ಚಿ ನಿನ್ನದು. ಖಲಾಸ್."

ಟ್ರೆವರ್ ಮೊದಲ ಕಾರ್ಯಕ್ರಮಕ್ಕೆ ನಾಲ್ಕು ಟಿಕೆಟ್ ಕೊಟ್ಟರು. ನಾರ್ಮನ್ನರ ಮಗ ಅಬುಧಾಬಿಯಲ್ಲಿದ್ದುದರಿಂದ ಕಾರ್ಯಕ್ರಮ ಅಲ್ಲಿಯೇ, ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಹೋಟೆಲೊಂದರ ಹಾಲಿನಲ್ಲಿ. ನಾನು ಸುಮ್ಮನೆ ಹೋಗಿ, ಚಪ್ಪಾಳೆ ತಟ್ಟಿ, ಸುಮ್ಮನೆ ಬಂದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ನಾನು ಮಾಡಿದ್ದೇನೆಂದರೆ, ನಮ್ಮದೇ ಬಿಲ್ಡಿಂಗಿನ ಐದನೇ ಮಹಡಿಗೆ ಹೋಗಿ, ಕನ್ನಡ ಕೂಟದ ಅಧ್ಯಕ್ಷರಾದ ಸರ್ವೋತ್ತಮರ ಮುಂದೆ ಜಂಭ ಕೊಚ್ಚಿಕೊಂಡೆ. "ನಮ್ಮ ಬಾಸು ದೊಡ್ಡ ಸಂಗೀತಗಾರರು ಸರ್. ನಲವತ್ತೆಂಟು ವರ್ಷದ ತಂಡ."

ಸರ್ವೋತ್ತಮರು ಉಡುಪಿಯ ಕಡೆಯವರು. ದುಬೈಯಲ್ಲಿ ಅವರಿಂದ ಶಾಲು ಹೊದೆಸಿಕೊಳ್ಳದ ಭುಜ ಕಡಿಮೆ. ಕೇಳಿದವರೇ ಎದ್ದು ನಿಂತರು.

"ನಲವತ್ತೆಂಟು ವರ್ಷ ಕಲಾಸೇವೆ! ಹಾಗಿದ್ರೆ ನೀವು ಬರಿಗೈಯಲ್ಲಿ ಹೋಗುದಾ? ಎಂತ ಮಾರಾಯ್ರೆ! ಒಂದು ಸನ್ಮಾನ ಬೇಡವಾ?"

"ಅವರೇನೂ ಕೇಳಿಲ್ಲ ಸರ್..."

"ಸನ್ಮಾನ ಯಾರಾದ್ರೂ ಕೇಳ್ತಾರಾ? ಕೇಳುವವರೂ ಉಂಟು, ಅದು ಬೇರೆ ವಿಷಯ." ಕಪಾಟು ತೆಗೆದರು. ಒಂದು ಮೈಸೂರು ಪೇಟ ಹೊರಬಂತು. "ಇರುದು ಇದೊಂದೇ. ಇನ್ನೊಂದನ್ನು ಹೋದ ರಾಜ್ಯೋತ್ಸವದ ಮುಖ್ಯ ಅತಿಥಿಗಳು ವಾಪಸ್ ಕೊಡ್ಲಿಕ್ಕೆ ಮರೆತರು."

"ಮೂರು ಜನ ಇದ್ದಾರಲ್ಲ ಸರ್, ಪೇಟ ಯಾರಿಗೆ?"

"ಹಿರಿಯರು ಯಾರು ನೋಡಿ, ಅವರ ತಲೆಗೆ. ಉಳಿದವರಿಗೆ ಶಾಲು ಸಾಕು. ಇಪ್ಪತ್ತು ವರ್ಷದಿಂದ ಸನ್ಮಾನ ಮಾಡ್ತಾ ಇದ್ದೇನೆ, ಒಂದು ಗಲಾಟೆ ಆಗ್ಲಿಲ್ಲ."

ಹಿರಿಯರು ಯಾರೆಂದು ಮರುದಿನ ಟ್ರೆವರರನ್ನೇ ಮೆಲ್ಲಗೆ ವಿಚಾರಿಸಿದೆ. ನಾರ್ಮನ್, ಎಪ್ಪತ್ತೊಂದು. ಅಲ್ಲಿಗೆ ತೀರ್ಮಾನವಾಯಿತು. ನೈಫಿಗೆ ಹೋಗಿ ಜರಿ ಅಂಚಿನ ಮೂರು ಶಾಲು ತಂದೆ. ಬಿಂದು ತಟ್ಟೆಯಲ್ಲಿ ಅನಾನಸು, ಸೇಬು, ಬಾಳೆಹಣ್ಣು ಜೋಡಿಸಿ ಬಣ್ಣದ ಪ್ಲಾಸ್ಟಿಕ್ ಹಾಳೆ ಸುತ್ತಿದಳು. ಸರ್ವೋತ್ತಮರು ಅಭಿನಂದನಾ ಪತ್ರವನ್ನೂ ಕೊಟ್ಟರು. ಅವರ ಬಳಿ ಅದು ಯಾವಾಗಲೂ ಸಿದ್ಧವಿರುತ್ತದೆ, ಹೆಸರು ತುಂಬಿದರಾಯಿತು.

ನಿಸರ್ಗ ಮಾತ್ರ ಫೋನಿನಲ್ಲಿ ಏನನ್ನೋ ನೋಡಿ ನನ್ನ ಹತ್ತಿರ ಬಂದಳು. "ಅಪ್ಪಾ, ಡು ಯು ನೋ ವಾಟ್ ಪಂಕ್ ಈಸ್?"

"ಗೊತ್ತಮ್ಮ. ಅವರ ಕಡೆಯ ಶಾಸ್ತ್ರೀಯ."

ಆಕೆ ನನ್ನನ್ನು ಒಂದು ನಿಮಿಷ ನೋಡಿದಳು. "ಓಕೆ. ಐ ಆ್ಯಮ್ ಡೆಫಿನೆಟ್ಲಿ ಕಮಿಂಗ್."

ಕೂಟದ ಯಾವ ಕಾರ್ಯಕ್ರಮಕ್ಕೂ ಬಾರದ ಮಗಳಿಗೆ ಕೊನೆಗೂ ಸಂಸ್ಕೃತಿಯ ಮೇಲೆ ಒಲವು ಮೂಡಿತೆಂದು ನನ್ನ ಕಣ್ಣು ತೇವವಾಯಿತು.

ಶನಿವಾರ ಸಂಜೆ ಹೋಟೆಲಿನ ಬಾಗಿಲಲ್ಲಿ ನಾವು ಇಳಿದೆವು. ನಾನು ರೇಷ್ಮೆ ಶರ್ಟು, ಬಿಂದು ಮೈಸೂರು ಸಿಲ್ಕು, ಅತ್ತೆಯವರು ಕಂಚಿ ಸೀರೆ, ಮುಡಿಯಲ್ಲಿ ಮಲ್ಲಿಗೆ. ಎದುರಿಗೆ ಸುಮಾರು ಇನ್ನೂರು ಜನ ಬಿಳಿಯರು. ಬಹಳ ಮಂದಿ ನಿವೃತ್ತಿಯ ವಯಸ್ಸಿನವರು. ಕೂದಲು ಇದ್ದವರ ಕೂದಲು ಹಸಿರು, ಕೇಸರಿ, ನೇರಳೆ. ಎಲ್ಲರ ಅಂಗಿಗಳೂ ಹರಿದಿವೆ. ಹರಿದ ಕಡೆಯೆಲ್ಲ ಸೇಫ್ಟಿ ಪಿನ್ನು.

"ರೀ," ಎಂದಳು ಬಿಂದು, "ಅಡ್ರೆಸ್ ಸರಿಯಾಗಿ ನೋಡಿದೀರಾ?"

ನಾನು ಬೋರ್ಡು ನೋಡಿದೆ. 'ಕ್ರ್ಯಾಕ್ಡ್ ಕೆಟಲ್ಸ್' ಎಂದೇ ಇತ್ತು. ಅದರ ಕೆಳಗೆ ಟ್ರೆವರರ ಹಳೆಯ ಫೋಟೋ. ನಾಲಗೆ ಹೊರಗಿತ್ತು.

ಅತ್ತೆಯವರು ಮಾತ್ರ ಗಾಬರಿಯಾಗಲಿಲ್ಲ. "ಅಯ್ಯೋ ಪಾಪ, ಈ ವಯಸ್ಸಿಗೆ ಹರಿದಿದ್ದು ಹಾಕ್ಕೊಂಡು ಬಂದಿದಾರೆ. ಮನೇಲಿ ಹೊಲಿದು ಕೊಡೋರು ಇಲ್ವೇನೋ!" ಎಂದವರೇ, ತಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನ ಗೊಂಚಲಿನಿಂದ ನಾಲ್ಕು ಬಿಡಿಸಿ, ಆರಡಿಯ ದಾಂಡಿಗನೊಬ್ಬನ ಬಗಲ ಹರಕನ್ನು ಒಟ್ಟುಮಾಡಿ ಚುಚ್ಚಿಬಿಟ್ಟರು. ಆ ಮನುಷ್ಯ ಬಳೆಯನ್ನೂ, ಅದರಲ್ಲಿ ಇನ್ನೂ ನೇತಾಡುತ್ತಿದ್ದ ಎಂಟು ಹತ್ತು ಪಿನ್ನುಗಳನ್ನೂ ನೋಡಿ, ಎರಡೂ ಕೈ ಎದೆಗೆ ಒತ್ತಿ ತಲೆಬಾಗಿದ. ಹಿಂದೆ ಸಾಲು ನಿಂತಿತು. ನಾವು ಒಳಗೆ ಹೋಗುವಷ್ಟರಲ್ಲಿ ಅತ್ತೆಯವರ ಬಳೆ ಖಾಲಿ.

ಬಾಗಿಲು ಕಾಯುವವನು ಹಣ್ಣಿನ ತಟ್ಟೆ ತಡೆದ. "ಫುಡ್ ಮಾಫಿ, ಒಳಗೆ ಬಿಡಲ್ಲ."

"ಇದು ಫುಡ್ ಅಲ್ಲಪ್ಪಾ, ಗೌರವ," ಎಂದೆ. ಹೇಗೋ ಬಿಟ್ಟ.

ಪರದೆ ಸರಿಯಿತು. ಮುಂದೆ ಕಂಡದ್ದನ್ನು ನಾನು ಆದಷ್ಟು ಮರ್ಯಾದೆಯಿಂದ ಹೇಳುತ್ತೇನೆ. ಹದಿನೇಳು ವರ್ಷ ಬೂದು ಟೈ ಕಟ್ಟಿದ ಟ್ರೆವರ್ ಸಾಹೇಬರು ಇವತ್ತೂ ಬೂದು ಟೈ ಕಟ್ಟಿದ್ದರು. ಅಂಗಿ ಇರಲಿಲ್ಲ. ಕೂದಲು ಹಲಸಿನ ಮುಳ್ಳಿನ ಹಾಗೆ ನಿಂತಿತ್ತು. ನಮ್ಮ ಕಂಪನಿಯ ಯಾವ ಲಿಫ್ಟೂ ಏರದ ವೇಗದಲ್ಲಿ ಅವರು ಮೇಲಕ್ಕೆ ನೆಗೆದರು. ಆಮೇಲೆ ಶಬ್ದ ಶುರುವಾಯಿತು. ಹೊಸ ಬಿಲ್ಡಿಂಗಿನ ಪೈಲಿಂಗ್ ಕೆಲಸ ನಡೆಯುವಾಗ ಪಕ್ಕದ ಮನೆಯಲ್ಲಿ ಮಲಗಿದವರಿಗೆ ಆ ಶಬ್ದದ ಅಂದಾಜು ಸಿಗಬಹುದು.

ಹಸಿರು ತಲೆಯ ಕೀತ್ ಮೈಕನ್ನು ಕಚ್ಚಿ ಕಿರುಚುತ್ತಿದ್ದರು. ಹೋಟೆಲಿನವರು ಕೆಟ್ಟ ಮಾತು ಕೂಡದೆಂದು ಮೊದಲೇ ಬರೆಸಿಕೊಂಡಿದ್ದರಂತೆ. ಹಾಗಾಗಿ ಬೈಗುಳ ಬಂದಲ್ಲೆಲ್ಲ ಕೀತ್ ಕೆಮ್ಮುತ್ತಿದ್ದರು. ಒಂದೊಂದು ಹಾಡಿನಲ್ಲಿ ಕೆಮ್ಮೇ ಹೆಚ್ಚು.

"ಪಾಪ, ನೆಗಡಿ," ಎಂದರು ಅತ್ತೆ. "ಏನು ಹೇಳ್ತಿದಾರೆ ಪುಟ್ಟಿ?"

"ಅವರಿಗೆ ಯಾರನ್ನೂ ಕಂಡ್ರೆ ಆಗಲ್ವಂತೆ ಅಜ್ಜಿ. ಗವರ್ನಮೆಂಟ್, ಆಫೀಸ್, ಮಂಡೇ, ಎವ್ರಿಥಿಂಗ್."

"ಸರಿಯಾಗೇ ಹೇಳ್ತಿದಾರೆ ಬಿಡು."

ಮೂರನೇ ಹಾಡು ಮುಗಿದು ದೀಪ ಸಣ್ಣದಾಯಿತು. ಮೂವರೂ ನೀರು ಕುಡಿಯುತ್ತಾ ನಿಂತರು. ಸಭೆ ಸಮಾರಂಭ ಕಂಡ ಯಾವ ಕನ್ನಡಿಗನಿಗೂ ಇದರ ಅರ್ಥ ಒಂದೇ: ಈಗ ಸನ್ಮಾನ. ನಾನು ತಟ್ಟೆ, ಶಾಲು, ಪೇಟ ಸಮೇತ ವೇದಿಕೆ ಹತ್ತಿದೆ. ಮೈಕು ತೆಗೆದುಕೊಂಡು ಅಭಿನಂದನಾ ಪತ್ರವನ್ನು ಅಲ್ಲಿಂದಲ್ಲಿಗೇ ಇಂಗ್ಲಿಷಿಗೆ ತಿರುಗಿಸುತ್ತಾ ಓದಿದೆ: ವೇದಿಕೆಯ ಮೇಲಿರುವ ಮತ್ತು ಮುಂದಿರುವ ಗಣ್ಯರೇ, ಸರಳ ಸಜ್ಜನಿಕೆಯ, ಮೃದು ಮಾತಿನ, ನಾದತಪಸ್ವಿಗಳಾದ... ಇನ್ನೂರು ಜನ ಉಸಿರು ಬಿಡದೆ ಕೇಳಿದರು. ಅವರ ಬದುಕಿನಲ್ಲಿ ಅಷ್ಟು ಆಘಾತ ಯಾವ ಪಂಕ್ ತಂಡವೂ ಕೊಟ್ಟಿರಲಾರದು. ಆಮೇಲೆ ಹಾಲೇ ಬಿದ್ದುಹೋಗುವಂತೆ ಕೂಗಿದರು.

ಆ ಹುಮ್ಮಸ್ಸಿನಲ್ಲಿ ನಾನು ಕೀತ್‌ಗೆ ಶಾಲು ಹೊದೆಸಿದೆ, ಟ್ರೆವರ್‌ಗೆ ಶಾಲು ಹೊದೆಸಿದೆ, ಡ್ರಮ್ಮಿನ ಹಿಂದೆ ಹೋಗಿ ನಾರ್ಮನ್ನರಿಗೆ ಶಾಲು ಹೊದೆಸಿ, ಬೋಳುತಲೆಯ ಮೇಲೆ ಪೇಟ ಇಟ್ಟೆ.

ಕೀತ್ ಮೊದಲು ಪೇಟವನ್ನು ನೋಡಿದರು, ಆಮೇಲೆ ತಮ್ಮ ಶಾಲನ್ನು ನೋಡಿಕೊಂಡರು. "ಕಿರೀಟ... ಡ್ರಮ್ಮರಿಗಾ?"

"ನಲವತ್ತೆಂಟು ವರ್ಷಕ್ಕೆ ಒಬ್ಬನಿಗಾದರೂ ಕಣ್ಣು ಬಂತು," ಎಂದರು ನಾರ್ಮನ್, ಪೇಟವನ್ನು ಸರಿಮಾಡಿಕೊಳ್ಳುತ್ತಾ.

"ಹಾಡು ಬರೆದದ್ದು ಯಾರು? ಪೊಲೀಸರ ಕೈಲಿ ಸಿಕ್ಕಿಬಿದ್ದದ್ದು ಯಾರು?"

"ತಾಳ ತಪ್ಪಿದ್ದೂ ನೀನೇ!"

ಕೀತ್ ನನ್ನ ತಟ್ಟೆಯಿಂದ ಅನಾನಸನ್ನು ಎತ್ತಿ ಡ್ರಮ್ಮಿಗೆ ಹೊಡೆದರು. ಅದು ಡ್ರಮ್ಮಿನ ಚರ್ಮ ಹರಿದುಕೊಂಡು ಒಳಗೆ ಹೋಯಿತು. ನಾರ್ಮನ್ ಬಾಳೆಹಣ್ಣಿನಿಂದ ಉತ್ತರ ಕೊಟ್ಟರು. ಸಭಿಕರು ಇದೂ ಕಾರ್ಯಕ್ರಮದ ಭಾಗವೆಂದು ತಿಳಿದು ಹಿಂದೆಂದೂ ಇಲ್ಲದಷ್ಟು ಚಪ್ಪಾಳೆ ತಟ್ಟಿದರು. ಕೀತ್ ಮೈಕಿನಲ್ಲಿ ಘೋಷಿಸಿದರು: "ಬ್ಯಾಂಡ್ ಮುಗಿಯಿತು! ಈ ಸಲ ನಿಜವಾಗಿ!" ಜನ "ಒನ್ಸ್ ಮೋರ್" ಎಂದರು.

ಟ್ರೆವರ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬರಿ ಎದೆಯ ಮೇಲೆ ಶಾಲು ಸರಿಮಾಡಿಕೊಂಡು, ಆಫೀಸಿನ ಅದೇ ತಣ್ಣನೆಯ ದನಿಯಲ್ಲಿ ಹೇಳಿದರು: "ಸೋಮವಾರ ಎಂಟಕ್ಕೆ, ರಘು. ಶಾರ್ಜಾದ ಲಿಫ್ಟಿನ ಫೈಲು ಟೇಬಲ್ ಮೇಲಿರಲಿ."

ಕಾರು ದುಬೈ ತಲುಪಿತು. ಬಿಲ್ಡಿಂಗಿನ ಕೆಳಗೆ ಬಿಂದು ಬಾಯಿಬಿಟ್ಟಳು.

"ಬ್ಯಾಂಡ್ ಕೂಡಿತ್ತು, ಅವರು ಹೋಗ್ತಿದ್ರು, ನಾವು ಇರ್ತಿದ್ವಿ. ಒಂದು ಪೇಟ ಇಡಕ್ಕೆ ಹೋಗಿ ಸಂಸಾರನೇ ಒಡೆದ್ರಲ್ಲರೀ!"

"ನನಗೇನು ಗೊತ್ತಿತ್ತು..."

"ಗೂಗಲ್‌ಗೆ ಗೊತ್ತಿತ್ತು," ಎಂದಳು ನಿಸರ್ಗ. ಆಮೇಲೆ ಸಣ್ಣ ದನಿಯಲ್ಲಿ, "ಸೋ ವಿ ಆರ್ ಗೋಯಿಂಗ್? ಫಾರ್ ಶ್ಯೂರ್?" ಎಂದು ಕೇಳಿದಳು. ನಾನು ಗಾಡಿಯ ಬೀಗ ಸರಿಯಾಗಿ ಬಿದ್ದಿದೆಯೇ ಎಂದು ಮೂರು ಸಲ ಪರೀಕ್ಷಿಸಿದೆ.

ಸೋಮವಾರ ಟ್ರೆವರ್ ಎಂಟಕ್ಕೆ ಬಂದರು. ಫ್ಲಾಸ್ಕು, ಡಬ್ಬಿ, ಬೂದು ಟೈ, ಜೊತೆಗೆ ಅಂಗಿ. ಅರ್ಬಾಬ್ ಅವರನ್ನು ತಬ್ಬಿಕೊಂಡು ರಾಜೀನಾಮೆಯ ಕಾಗದವನ್ನು ಹರಿದು, ಚೂರುಗಳನ್ನು ಬುಟ್ಟಿಗೆ ಹಾಕಲು ನನ್ನ ಕೈಗೇ ಕೊಟ್ಟರು. ಮಧ್ಯಾಹ್ನ ಸರ್ವೋತ್ತಮರ ಫೋನು.

"ಎಂತ ಮಾರಾಯ್ರೆ, ಬ್ಯಾಂಡ್ ಒಡೆದ್ರಂತೆ! ಗ್ರೂಪಿನಲ್ಲಿ ವಿಡಿಯೋ ಬಂದುಂಟು."

"ಹಿರಿಯರ ತಲೆಗೆ ಅಂತ ನೀವೇ ಹೇಳಿದ್ದು ಸರ್!"

"ನಾನು ಹೇಳಿದ್ದು ಸ್ಥಾನದಲ್ಲಿ ಹಿರಿಯರು ಅಂತ. ವಯಸ್ಸು ನೋಡಿ ಪೇಟ ಇಡ್ಲಿಕ್ಕೆ ಅದೇನು ಪೆನ್ಶನ್ನಾ? ಅದಿರ್ಲಿ, ಪೇಟ ವಾಪಸ್ ಬಂತಾ?"

ಪೇಟ ಬಂದಿರಲಿಲ್ಲ. ನಾರ್ಮನ್ ಮಗನ ಮನೆಯಲ್ಲಿ ಅದನ್ನು ಹಾಕಿಕೊಂಡೇ ಮಲಗುತ್ತಿದ್ದಾರೆಂದು ಟ್ರೆವರ್ ಹೇಳಿದರು. ಕೀತ್ ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾರೆ. ಬರುವ ಭಾನುವಾರ ಇಬ್ಬರೂ ಬೇರೆ ಬೇರೆ ವಿಮಾನದಲ್ಲಿ ವಾಪಸ್.

ಅತ್ತೆಯವರು ಎಲ್ಲವನ್ನೂ ಕೇಳಿ, ಕಟ್ಟುತ್ತಿದ್ದ ಪಾತ್ರೆಯ ಪೆಟ್ಟಿಗೆಯನ್ನು ಪಕ್ಕಕ್ಕೆ ತಳ್ಳಿದರು. "ಅಳಿಯಂದ್ರೇ, ಶನಿವಾರ ಮೂವರನ್ನೂ ಊಟಕ್ಕೆ ಕರೀರಿ. ಒಬ್ಬರು ಬರ್ತಾರೆ ಅಂತ ಇನ್ನೊಬ್ಬರಿಗೆ ಹೇಳ್ಬೇಡಿ."

"ಬಂದು ನೋಡಿದ ಕೂಡಲೇ ಎದ್ದು ಹೋಗ್ತಾರೆ ಅತ್ತೆ."

"ನೆಲದ ಮೇಲೆ ಎಲೆ ಹಾಕಿ ಕೂರಿಸ್ತೀನಿ. ನಮ್ಮ ದಾಯಾದಿಗಳು ಕೋರ್ಟಿಗೆ ಹೋಗಿದ್ದೋರು, ಅವರೂ ಎದ್ದು ಹೋಗಲಿಲ್ಲ. ಸಿಟ್ಟು ಎದ್ದರೂ ಮಂಡಿ ಏಳ್ಬೇಕಲ್ಲ!"

ಅತ್ತೆಯವರ ರಾಜನೀತಿ ನನಗೆ ಅರ್ಥವಾದದ್ದು ಶನಿವಾರ. ಮೊದಲು ಟ್ರೆವರ್ ಬಂದರು. ನಾನೂ ಅವರೂ ಸೇರಿ ಅವರನ್ನು ಹಂತಹಂತವಾಗಿ ನೆಲಕ್ಕಿಳಿಸಿದೆವು. ನಂತರ ಪೇಟ ಸಮೇತ ನಾರ್ಮನ್. ಅವರಿಗೆ ಸೋಫಾ ಹಿಡಿದು, ನನ್ನ ಭುಜ ಹಿಡಿದು, ಕೊನೆಗೆ ದೇವರನ್ನು ನೆನೆದು ಕೂರಬೇಕಾಯಿತು. ಕೊನೆಗೆ ಬಂದ ಕೀತ್ ಬಾಗಿಲಲ್ಲೇ ನಿಂತು ಕೂಗಿದರು: "ಇದು ಮೋಸ!" ಅತ್ತೆಯವರು ಹೋಳಿಗೆಯ ತಟ್ಟೆ ಹಿಡಿದು ಎದುರು ನಿಂತರು. ತುಪ್ಪದ ವಾಸನೆ ಮೂಗಿಗೆ ಹೋಯಿತು. ಕೀತ್ ಕೂತರು. ಕೂತ ಮೇಲೆ ಏಳಲು ಎರಡು ಸಲ ಪ್ರಯತ್ನಿಸಿದರು. ಮಂಡಿ ಒಪ್ಪಲಿಲ್ಲ.

"ನಾರ್ಮನ್ನಿಗೆ ಆ ಉಪ್ಪಿನಕಾಯಿ ಇತ್ತ ಕೊಡಲು ಹೇಳು," ಎಂದರು ಕೀತ್ ನನಗೆ.

"ಕೀತ್‌ಗೆ ಅವನ ಎಲೆಯಲ್ಲೇ ಇದೆ ಎಂದು ಹೇಳು," ಎಂದರು ನಾರ್ಮನ್.

ಅತ್ತೆಯವರು ಎದುರು ಸ್ಟೂಲಿನ ಮೇಲೆ ಕೂತು ವಿಚಾರಣೆ ಆರಂಭಿಸಿದರು. ನಿಸರ್ಗ ದುಭಾಷಿ. ಸನ್ಮಾನದ ಘನತೆ ಕಾಪಾಡಲು ಮತ್ತು ಪೇಟದ ಮೇಲೆ ಕಣ್ಣಿಡಲು ಸರ್ವೋತ್ತಮರೂ ಬಂದಿದ್ದರು.

"ಪೇಟ ಬಿಡಿ. ಮೊದಲು ಜಗಳ ಶುರುವಾಗಿದ್ದು ಯಾವಾಗ, ಕೇಳು ಪುಟ್ಟಿ."

ಎಂಬತ್ಮೂರರಲ್ಲಿ. ಹಿಮ ಬೀಳುತ್ತಿದ್ದ ದಿನ, ಒಂದು ಪೆಟ್ರೋಲ್ ಬಂಕಿನಲ್ಲಿ ಕೀತ್ ಕಕ್ಕಸಿಗೆ ಹೋಗಿದ್ದಾಗ ಉಳಿದಿಬ್ಬರು ವ್ಯಾನು ಬಿಟ್ಟುಕೊಂಡು ಹೊರಟುಬಿಟ್ಟರು. ಮರೆತು ಹೋದದ್ದು ಎಂದು ನಾರ್ಮನ್. ಬೇಕೆಂದೇ ಎಂದು ಕೀತ್.

"ಯಾರು ಓಡಿಸ್ತಿದ್ದದ್ದು?" ಎಂದರು ಅತ್ತೆ.

ಟ್ರೆವರ್ ಎಲೆಯ ಮೇಲಿನ ಕೋಸಂಬರಿಯಲ್ಲಿ ಒಂದೊಂದೇ ಬೇಳೆ ಬೇರ್ಪಡಿಸುತ್ತಿದ್ದರು. "ನಾನು," ಎಂದರು ಕೊನೆಗೆ. "ಎಣಿಸಲಿಲ್ಲ. ಅಂದಿನಿಂದ ಎಲ್ಲವನ್ನೂ ಎಣಿಸುತ್ತೇನೆ."

ನಲವತ್ತೆರಡು ವರ್ಷ ಕೀತ್ ಬೈದದ್ದು ತಪ್ಪು ಮನುಷ್ಯನನ್ನು. ನಾರ್ಮನ್ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸರ್ವೋತ್ತಮರು ಮೆಲ್ಲಗೆ ಕೈ ಚಾಚಿದರು. ಅತ್ತೆಯವರು ಅವರಿಗಿಂತ ಮೊದಲೇ ತೆಗೆದುಕೊಂಡರು.

"ಕೇಳಿ. ನಮ್ಮ ಮಾವನವರ ಮನೇಲಿ ಒಂದೇ ದೇವರ ಪೆಟ್ಟಿಗೆ, ಮೂರು ಜನ ಅಣ್ಣತಮ್ಮಂದಿರು. ಮುಖ ನೋಡ್ತಿರಲಿಲ್ಲ. ಆದ್ರೂ ಪೂಜೆ ಒಂದು ದಿನ ನಿಲ್ಲಲಿಲ್ಲ. ಯಾಕೆ? ಸರದಿ. ಒಂದು ವರ್ಷ ಇವರ ಮನೆ, ಒಂದು ವರ್ಷ ಅವರ ಮನೆ. ಪೇಟನೂ ಅಷ್ಟೇ. ಒಂದು ಕಛೇರಿಗೆ ಒಬ್ಬರು."

"ಅಯ್ಯೋ, ಅದು ಕೂಟದ ಪೇಟ ಅಮ್ಮ!" ಎಂದರು ಸರ್ವೋತ್ತಮರು.

"ಸನ್ಮಾನ ಮಾಡಿ ವಾಪಸ್ ಕೇಳ್ತೀರೇನ್ರೀ? ಹೋಳಿಗೆ ಹಾಕ್ಕೊಳ್ಳಿ."

ಸ್ಕೂಲಿನ ಸರ್ಕ್ಯುಲರ್ ಒಂದರ ಹಿಂಬದಿಯಲ್ಲಿ ನಿಸರ್ಗ ಸರದಿಯ ಪಟ್ಟಿ ಬರೆದಳು. ಮೊದಲು ಯಾರು ಎನ್ನುವಾಗ ಮತ್ತೆ ಬಿಗಿಯಾಯಿತು. ಬಿಂದು ಸೌಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತಳು. ಕೀತ್ ಎಲೆಯಿಂದ ಮುಖ ಎತ್ತದೆ ಹೇಳಿದರು: "ಟ್ರೆವರ್ ಹಾಕ್ಕೊಳ್ಳಲಿ. ಅವನು ಯಾವತ್ತೂ ಏನೂ ಕೇಳಿದವನಲ್ಲ."

ನಾರ್ಮನ್ ಎರಡು ಬೆರಳಲ್ಲಿ ಸ್ಟೀಲ್ ಲೋಟ ತಟ್ಟಿದರು. ಟ್ರೆವರ್ ನೆಲ ತಟ್ಟಿದರು. ಕೀತ್ ತಲೆ ಹಿಂದಕ್ಕೆ ಎಸೆದು ಹಾಡಿದರು. ನಮ್ಮ ಮನೆಯಲ್ಲಿ ಹೋಟೆಲಿನ ನಿಯಮ ಇರಲಿಲ್ಲವಾದ್ದರಿಂದ ಅವರು ಕೆಮ್ಮಲಿಲ್ಲ. ನಾನು ನಿಸರ್ಗಳ ಕಿವಿ ಮುಚ್ಚಿದೆ. ಆಕೆ ಬಾಯಿಯಿಂದ ಜೊತೆಗೂಡಿದಳು. ಐದನೇ ನಿಮಿಷಕ್ಕೆ ವಾಚ್‌ಮನ್, ಹತ್ತನೇ ನಿಮಿಷಕ್ಕೆ ಪಕ್ಕದ ಮನೆಯ ಖದೀಜ, "ಏನು ಭಯ್ಯಾ, ಗ್ಯಾಸ್ ಸಿಲಿಂಡರ್ ಒಡೀತಾ?" ಎಂದು ಬಂದರು. ಅತ್ತೆಯವರು ಅವರ ಕೈಗೂ ಹೋಳಿಗೆ ಕೊಟ್ಟರು. ಆಮೇಲೆ ಮೂವರನ್ನೂ ಎಬ್ಬಿಸಲು ನಾನು, ಸರ್ವೋತ್ತಮರು ಮತ್ತು ವಾಚ್‌ಮನ್ ಬೇಕಾದೆವು.

ಸೋಮವಾರ ಟ್ರೆವರ್ ಹೊಸ ರಾಜೀನಾಮೆ ಕೊಟ್ಟರು. ಅರ್ಬಾಬ್ ಅದನ್ನು ಓದಿ, ಮಡಿಸಿ, ಡ್ರಾಯರಿನಲ್ಲಿಟ್ಟರು.

"ಹರಿಯುವುದಿಲ್ಲ, ಒಪ್ಪುವುದೂ ಇಲ್ಲ. ಆರು ಸಲ ಒಡೆದವರು, ಮೊನ್ನೆಯದು ಸೇರಿ ಏಳು. ಟ್ರೆವರ್‌ಗೆ ರಜೆ. ರಘು, ನೀನು ಆ್ಯಕ್ಟಿಂಗ್ ಮ್ಯಾನೇಜರ್. ಕುರ್ಚಿ, ಸ್ಕೂಲ್ ಫೀಸು, ಎಲ್ಲ ನಿನಗೆ. ಅವರು ಜೊತೆಯಲ್ಲಿರುವ ತನಕ."

"ಒಡೆದರೆ?"

"ಯಲ್ಲಾ, ಆಗ ನೋಡೋಣ."

ಹೀಗೆ ಭೂಮಿಯ ಮೇಲೆ ಕ್ರ್ಯಾಕ್ಡ್ ಕೆಟಲ್ಸ್ ತಂಡದ ಒಗ್ಗಟ್ಟಿಗಾಗಿ ದಿನಾ ಬೆಳಗ್ಗೆ ಗಣಪತಿಗೆ ದೀಪ ಹಚ್ಚುವವನು ನಾನೊಬ್ಬನೇ ಆದೆ. ಅವರು ಈಗ ಮ್ಯಾಂಚೆಸ್ಟರಿನಲ್ಲಿದ್ದಾರೆ, ಮುಂದಿನ ವಾರ ಬರ್ಲಿನ್. ಅವರ ಸಂಗೀತ ಈಗಲೂ ನನಗೆ ತಲೆನೋವು. ಆದರೂ ಮಲಗುವ ಮುಂಚೆ ಅವರ ಸುದ್ದಿ ನೋಡದೆ ನಿದ್ದೆ ಹತ್ತುವುದಿಲ್ಲ.

ಟಿ.ಸಿ. ಅರ್ಜಿ ವಾಪಸ್ ಪಡೆಯಲು ನಾನೂ ಬಿಂದುವೂ ಸ್ಕೂಲಿಗೆ ಹೋದೆವು. ಆಫೀಸಿನ ಸುಸನ್ ಮೇಡಂ ಒಂದು ಫಾರಂ ಕೊಟ್ಟರು. ಅದರಲ್ಲಿ ಒಂದು ಕಾಲಂ: ಅರ್ಜಿ ಹಿಂಪಡೆಯಲು ಕಾರಣ. ನಾನು ಬಹಳ ಯೋಚಿಸಿದೆ. ಸ್ಕೂಲಿಗೆ ಸುಳ್ಳು ಬರೆಯಬಾರದು. ಹಾಗಾಗಿ ಇಂಗ್ಲಿಷಿನಲ್ಲಿ, ಸ್ಪಷ್ಟವಾದ ಅಕ್ಷರದಲ್ಲಿ ಬರೆದೆ: ಇಂಗ್ಲೆಂಡಿನ ಮೂವರು ಮುದುಕರು ಮತ್ತೆ ಜೊತೆಯಾಗಿ ಹಾಡಲು ಒಪ್ಪಿದ್ದರಿಂದ.

ಸುಸನ್ ಮೇಡಂ ಒಂದು ಸಲ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. ನನ್ನನ್ನು ನೋಡಿದರು, ಬಿಂದುವನ್ನು ನೋಡಿದರು. ಬಿಂದು ಗಂಭೀರವಾಗಿ ತಲೆಯಾಡಿಸಿದಳು.

ಮೇಡಂ ಡ್ರಾಯರಿನಿಂದ ಬಿಳಿ ಬಣ್ಣದ ಸಣ್ಣ ಶೀಶೆ ತೆಗೆದು, ನಾನು ಬರೆದದ್ದರ ಮೇಲೆ ನಿಧಾನವಾಗಿ ಬಳಿದು, ಊದಿ ಒಣಗಿಸಿದರು.

"ಸರ್," ಎಂದರು, "ನಾನು 'ಫ್ಯಾಮಿಲಿ ರೀಸನ್ಸ್' ಅಂತ ಬರೀಲಾ?"

"ಬರೀರಿ ಮೇಡಂ," ಎಂದೆ. "ಅದೇ ಸರಿ."